ಬೀದಿಯ ಬೆಕ್ಕನ್ನು ಮನೆಗೆ ತಂದಾಗ: ಮೊದಲ ಹದಿನಾಲ್ಕು ದಿನಗಳ ಆಯ್ಕೆಗಳು

ಬೀದಿಯಲ್ಲಿ ಸಿಕ್ಕ ಬೆಕ್ಕನ್ನು ಮನೆಗೆ ತಂದವರು ಸಾಮಾನ್ಯವಾಗಿ ಅದರ ಮುಂದೆ ಮೊದಲು ಒಂದು ಬಟ್ಟಲು ಹಾಲು ಇಡುತ್ತಾರೆ, ಆಮೇಲೆ ಡೆಟಾಲ್ ಬೆರೆಸಿದ ನೀರಿನಲ್ಲಿ ಮೀಯಿಸುತ್ತಾರೆ, ಸಂಜೆಯ ಹೊತ್ತಿಗೆ ಮನೆಯಲ್ಲಿ ಮೊದಲೇ ಇರುವ ಬೆಕ್ಕಿನ ಪಕ್ಕದಲ್ಲಿ ತಂದು ಬಿಡುತ್ತಾರೆ. ಈ ಮೂರೂ ಪ್ರೀತಿಯಿಂದ ಮಾಡುವ ಕೆಲಸಗಳೇ ಆದರೂ ಮೂರೂ ಬೆಕ್ಕಿಗೆ ಕೆಡುಕಾಗಬಲ್ಲವು.

ಕೆಲವು ವರ್ಷಗಳ ಹಿಂದೆ ಆಷಾಢದ ಜಡಿಮಳೆಯಲ್ಲಿ, ಮೈಸೂರಿನ ನಮ್ಮ ಬೀದಿಯ ತರಕಾರಿ ಅಂಗಡಿಯ ಗೋಣಿಚೀಲಗಳ ಸಂದಿನಲ್ಲಿ ನೆನೆದು ಕುಳಿತಿದ್ದ ಎರಡು ತಿಂಗಳ ಮರಿಯೊಂದನ್ನು ನಾನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದೆ. ಮನೆಯಲ್ಲಿ ಆಗಲೇ ಎಂಟು ತಿಂಗಳ ಕರಿಯನಿದ್ದ. ಹೊಸಿಲು ದಾಟಿ ಹೊರಗೆ ಹೋಗುವವನಲ್ಲ ಎಂಬ ಧೈರ್ಯದಿಂದ ಅವನಿಗೆ ಒಂದು ಲಸಿಕೆಯನ್ನೂ ಹಾಕಿಸಿರಲಿಲ್ಲ. ಇಬ್ಬರಿಗೂ ಒಂದೇ ತಟ್ಟೆ, ಒಂದೇ ಮಣ್ಣಿನ ಟ್ರೇ. ಮೂರನೆಯ ದಿನ ಮರಿ ಹಳದಿ ನೊರೆಯನ್ನು ಕಕ್ಕಿತು. ಐದನೆಯ ದಿನ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿತ್ತು. ಅದಾದ ನಾಲ್ಕು ದಿನಕ್ಕೆ ಕರಿಯ ನೀರಿನ ಬಟ್ಟಲಿನ ಅಂಚಿಗೆ ಗದ್ದ ಊರಿ, ಬಾಯಾರಿಕೆಯಿದ್ದೂ ಕುಡಿಯಲಾಗದೆ, ಗಂಟೆಗಟ್ಟಲೆ ಹಾಗೆಯೇ ಕುಳಿತ. ಹಾಗೆ ಕೂರುವುದು ಪ್ಯಾನ್‌ಲ್ಯುಕೋಪೀನಿಯಾ ಎಂಬ ಬೆಕ್ಕುಗಳ ಪಾರ್ವೋ ರೋಗದ ಗುರುತುಗಳಲ್ಲಿ ಒಂದೆಂದು ನನಗೆ ತಿಳಿದದ್ದು ಅವನೂ ಹೋದ ಮೇಲೆ.

ಅಂದಿನಿಂದ ಇಂದಿನವರೆಗೆ ನಮ್ಮ ಮನೆಗೆ ಹಲವು ಬೆಕ್ಕುಗಳು ಬಂದಿವೆ, ಕೆಲವು ಉಳಿದಿವೆ, ಹೆಚ್ಚಿನವು ಬೇರೆ ಮನೆಗಳಿಗೆ ಹೋಗಿವೆ. ಪ್ರತಿ ಸಲವೂ ಅದೇ ಪ್ರಶ್ನೆಗಳು ಎದುರಾಗುತ್ತವೆ: ಎಲ್ಲಿ ಇರಿಸುವುದು, ಯಾವ ಪರೀಕ್ಷೆ ಈಗ, ಯಾವುದು ಆಮೇಲೆ, ಯಾವ ಮದ್ದು ಸುರಕ್ಷಿತ, ಕೈಯಲ್ಲಿರುವ ಹಣವನ್ನು ಮೊದಲು ಯಾವುದಕ್ಕೆ ಖರ್ಚು ಮಾಡುವುದು. ಈ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಕಂಡಿರುವ ಕ್ರಮವಿದು: ಮೊದಲು ಬೇರೆ ಕೋಣೆ, ಆಮೇಲೆ ವೈದ್ಯರು, ಆಮೇಲೆ ಮದ್ದು ಮತ್ತು ಲಸಿಕೆ, ಎಲ್ಲಕ್ಕಿಂತ ಕೊನೆಗೆ ಮನೆಯ ಬೆಕ್ಕಿನ ಪರಿಚಯ.

ಎಲ್ಲಿ ಇರಿಸುವುದು

ಈ ಪ್ರಶ್ನೆಗೆ ನಾಲ್ಕು ಉತ್ತರಗಳಿವೆ. ಮನೆಯ ಬೆಕ್ಕುಗಳ ಜೊತೆಯಲ್ಲೇ ಬಿಡಬಹುದು, ಬೇರೆ ಕೋಣೆಯಲ್ಲಿ ಇರಿಸಬಹುದು, ಆಸ್ಪತ್ರೆಯಲ್ಲೋ ಆಶ್ರಯಧಾಮದಲ್ಲೋ ಬಿಡಬಹುದು, ಇಲ್ಲವೇ ಚಿಕಿತ್ಸೆ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಅದು ಇದ್ದ ಜಾಗಕ್ಕೇ ಮರಳಿ ಬಿಡಬಹುದು.

ಮೊದಲನೆಯದನ್ನು ನಾನು ಆಯ್ಕೆಯೆಂದೇ ಎಣಿಸುವುದಿಲ್ಲ. ನೋಡಲು ಆರೋಗ್ಯವಾಗಿರುವ ಬೆಕ್ಕಿನೊಳಗೂ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ಸದ್ದಿಲ್ಲದೆ ಬೆಳೆಯುತ್ತಿರಬಹುದು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 2ರಿಂದ 7 ದಿನ ಬೇಕಾಗುತ್ತದೆ. ಹುಳುಕಡ್ಡಿಗೆ ಒಂದರಿಂದ ಮೂರು ವಾರ ಹಿಡಿಯುತ್ತದೆ. ಅಂದರೆ ತಂದ ದಿನ ಚೆನ್ನಾಗಿಯೇ ಇತ್ತು ಎಂಬ ಮಾತಿನಿಂದ ಏನೂ ಸಾಬೀತಾಗುವುದಿಲ್ಲ. ಈ ಕಾರಣಕ್ಕೇ ಕನಿಷ್ಠ 14 ದಿನಗಳ ಪ್ರತ್ಯೇಕ ವಾಸ ಬೇಕೆಂದು ಹೇಳುವುದು.

ಬೇರೆ ಕೋಣೆಯೇ ಎಲ್ಲಕ್ಕಿಂತ ಒಳ್ಳೆಯದು, ಮತ್ತು ಅದಕ್ಕೆ ದೊಡ್ಡ ಮನೆಯೇನೂ ಬೇಕಾಗಿಲ್ಲ. ಮನೆಯಲ್ಲಿ ಹಾಸಿಗೆ ಇರುವ ಮಲಗುವ ಕೋಣೆಯೂ ಟೈಲ್ಸ್ ಹಾಕಿದ ಎರಡನೆಯ ಸ್ನಾನದ ಮನೆಯೂ ಇದ್ದರೆ, ಸ್ನಾನದ ಮನೆಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಹುಳುಕಡ್ಡಿಯ ಬೀಜಕಣಗಳು ಹಾಸಿಗೆ, ಸೋಫಾ, ಪರದೆಗಳಲ್ಲಿ ಸೇರಿಕೊಂಡರೆ ತಿಂಗಳುಗಟ್ಟಲೆ ಉಳಿಯುತ್ತವೆ. ಟೈಲ್ಸನ್ನಾದರೆ ಉಜ್ಜಿ ತೊಳೆಯಬಹುದು. ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಹತ್ತಿ ಸೀರೆಯ ಮಡಿಕೆ, ಬೇರೆಯದೇ ಆದ ಊಟದ ತಟ್ಟೆ, ನೀರಿನ ಬಟ್ಟಲು, ಮಲವಿಸರ್ಜನೆಯ ಟ್ರೇ ಇಷ್ಟಿದ್ದರೆ ಸಾಕು. ಬಾಗಿಲ ಕೆಳಗಿನ ಸಂದಿಗೆ ಒಂದು ಟವೆಲನ್ನು ಒತ್ತಿಡಿ. ಮನೆಯ ಬೆಕ್ಕುಗಳ ಕೆಲಸವನ್ನೆಲ್ಲ ಮುಗಿಸಿ ಕೊನೆಯಲ್ಲಿ ಈ ಕೋಣೆಗೆ ಹೋಗಿ. ಒಳಗೆ ತೊಡಲೆಂದೇ ಒಂದು ಹಳೆಯ ನೈಟಿ ಅಥವಾ ಶರ್ಟು ಬಾಗಿಲ ಹಿಂದಿರಲಿ. ಹೊರಬಂದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ. ಪಾರ್ವೋ ವೈರಸ್ ಚಪ್ಪಲಿ, ಬಟ್ಟೆ, ಕೈಗಳ ಮೂಲಕವೇ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಸ್ಯಾನಿಟೈಸರ್ ಅದನ್ನು ಕೊಲ್ಲುವುದಿಲ್ಲವಾದ್ದರಿಂದ ಸೋಪು ಮತ್ತು ಹರಿಯುವ ನೀರೇ ಬೇಕು.

ನೆಲ ಒರೆಸುವ ದ್ರವದ ಆಯ್ಕೆಯೂ ಇಲ್ಲಿಯೇ ಬರುತ್ತದೆ. ನಮ್ಮ ಮನೆಗಳಲ್ಲಿ ಫಿನಾಯಿಲ್ ಹಾಕಿ ಒರೆಸಿದರೆ ಮಾತ್ರ ಮನಸ್ಸಿಗೆ ಸಮಾಧಾನ. ಆದರೆ ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಫಿನಾಯಿಲ್ ಮತ್ತು ಡೆಟಾಲ್‌ಗಳಲ್ಲಿರುವ ಫೀನಾಲ್ ವರ್ಗದ ರಾಸಾಯನಿಕಗಳನ್ನು ಬೆಕ್ಕಿನ ಪಿತ್ತಜನಕಾಂಗ ಸರಿಯಾಗಿ ಒಡೆದು ಹೊರಹಾಕಲಾರದು. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ವಿಷ ಒಳಗೆ ಹೋಗುತ್ತದೆ. ಜೊತೆಗೆ ಇವು ಪಾರ್ವೋ ವೈರಸ್ಸಿನ ಮೇಲೆ ನೆಚ್ಚಿಕೊಳ್ಳುವಷ್ಟು ಕೆಲಸವನ್ನೂ ಮಾಡುವುದಿಲ್ಲ. ಬದಲಿಗೆ ಸುಮಾರು ಶೇಕಡಾ 5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ದ್ರಾವಣದ 1 ಪಾಲಿಗೆ 32 ಪಾಲು ನೀರು ಬೆರೆಸಿ, ಕೊಳೆಯನ್ನು ಮೊದಲು ಸೋಪಿನಿಂದ ತೊಳೆದ ಮೇಲೆ ಆ ನೀರನ್ನು ಹರಡಿ, 10 ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಬೇಕು. ಅಷ್ಟು ಹೊತ್ತು ಬೆಕ್ಕು ಆ ನೆಲದ ಮೇಲೆ ಇರಬಾರದು. ಬ್ಲೀಚನ್ನು ಬೇರಾವ ಶುಚಿಕಾರಕದೊಂದಿಗೂ ಬೆರೆಸಬಾರದು. ಈ ರೋಗದಿಂದ ಬೆಕ್ಕೊಂದು ಸತ್ತ ಮನೆಗೆ ಲಸಿಕೆಯಾಗದ ಮರಿಯನ್ನು ಒಂದು ವರ್ಷದವರೆಗೆ ತರದಿರುವುದೇ ಕ್ಷೇಮ, ಏಕೆಂದರೆ ವೈರಸ್ ಅಷ್ಟು ಕಾಲವೂ ಮನೆಯ ಸಂದುಗೊಂದುಗಳಲ್ಲಿ ಬದುಕಿರಬಲ್ಲದು. ಕರಿಯ ಹೋದ ಮೇಲೆ ನಾನು ಹಾಗೆಯೇ ಒಂದು ವರ್ಷ ಕಾದೆ.

ಆಸ್ಪತ್ರೆಯ ಪಂಜರ ಕಾಯಿಲೆಯ ಬೆಕ್ಕಿಗೆ ಬೇಕೇ ಬೇಕು, ಆದರೆ ಆರೋಗ್ಯವಾಗಿರುವ ಮರಿಯನ್ನು ಬರಿಯ ವಸತಿಗಾಗಿ ಅಲ್ಲಿ ಬಿಡುವುದು ರೋಗಿಗಳ ನಡುವೆ ಬಿಟ್ಟಂತೆ. ಆಶ್ರಯಧಾಮಗಳಲ್ಲಿಯೂ ಎಷ್ಟೇ ಕಾಳಜಿಯಿದ್ದರೂ ಹಲವು ಬೆಕ್ಕುಗಳು ಒಂದೆಡೆ ಸೇರಿರುತ್ತವೆ. ಮನೆಯಲ್ಲಿ ಜಾಗವೇ ಇಲ್ಲದವರು ಬೆಕ್ಕಿಲ್ಲದ ಸ್ನೇಹಿತರ ಮನೆಯಲ್ಲಿ ಎರಡು ವಾರ ಇರಿಸಿದರೆ ಅದೇ ಮೇಲು. ಬೆಂಗಳೂರಿನ ಕೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್‌ನಂತಹ ಸಂಸ್ಥೆಗಳ ಸಲಹೆಯನ್ನು ಕೇಳಲು ಮಾತ್ರ ಹಿಂಜರಿಯಬೇಡಿ.

ನಾಲ್ಕನೆಯ ಆಯ್ಕೆಯ ಬಗ್ಗೆ ಒಂದು ಮಾತು. ಮನುಷ್ಯರ ಕೈಗೆ ಎಂದೂ ಸಿಗದೆ ಬೆಳೆದ ದೊಡ್ಡ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿದರೆ ಅದು ಊಟ ಬಿಡುತ್ತದೆ. ದೊಡ್ಡ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಾಪಾಯವಾಗುತ್ತದೆ. ಅಂಥ ಬೆಕ್ಕಿಗೆ ಗಾಯದ ಚಿಕಿತ್ಸೆ, ರೇಬೀಸ್ ಲಸಿಕೆ, ಸಂತಾನಹರಣ ಮಾಡಿಸಿ, ಗುರುತಿಗಾಗಿ ಕಿವಿಯ ತುದಿ ಕತ್ತರಿಸಿ, ಅದರದೇ ಬೀದಿಗೆ ಬಿಟ್ಟು ದಿನವೂ ಊಟ ಹಾಕುವುದು ಅದನ್ನು ಕೈಬಿಟ್ಟಂತಲ್ಲ. ಮೂರು ತಿಂಗಳೊಳಗಿನ ಮರಿಗೆ, ಹಾಗೆಯೇ ಕಾಲಿಗೆ ಮೈ ಸವರುತ್ತ ಹಿಂದೆ ಬರುವ ದೊಡ್ಡ ಬೆಕ್ಕಿಗೆ, ಮನೆಯೇ ಸರಿ.

ಯಾವ ಆಸ್ಪತ್ರೆ, ಯಾವ ಪರೀಕ್ಷೆ

ತಂದ ದಿನವೇ ಅಥವಾ ಮರುದಿನವೇ ಒಮ್ಮೆ ವೈದ್ಯರಿಗೆ ತೋರಿಸಬೇಕು. ಊರಿನ ಸರ್ಕಾರಿ ಪಶು ಆಸ್ಪತ್ರೆ, ಖಾಸಗಿ ಕ್ಲಿನಿಕ್, ಪಶುವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ ಇವುಗಳಲ್ಲಿ ಯಾವುದನ್ನು ಆರಿಸುವುದು ಎಂಬುದು ಬೆಕ್ಕಿನ ಸ್ಥಿತಿಯನ್ನು ನೋಡಿಕೊಂಡು ತೀರ್ಮಾನಿಸುವ ಮಾತು. ಜಂತುಹುಳು ಮದ್ದು, ರೇಬೀಸ್ ಲಸಿಕೆ, ಸಾಮಾನ್ಯ ಗಾಯ, ಭೇದಿ ಇವಕ್ಕೆ ಹತ್ತಿರದ ಸರ್ಕಾರಿ ಆಸ್ಪತ್ರೆ ಸಾಕು, ಖರ್ಚೂ ಕಡಿಮೆ. ತಾಲ್ಲೂಕುಗಳಲ್ಲಿ ಅಲ್ಲಿನ ವೈದ್ಯರ ಹೆಚ್ಚಿನ ಹೊತ್ತು ದನಕರುಗಳಿಗೆ ಹೋಗುವುದರಿಂದ ಬೆಕ್ಕಿನ ಲಸಿಕೆ ಇದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಖಾಸಗಿ ಕ್ಲಿನಿಕ್ಕಿನಲ್ಲಿ ಪರೀಕ್ಷೆಯ ಕಿಟ್‌ಗಳು, ಡ್ರಿಪ್, ರಾತ್ರಿಯ ನಿಗಾ ಸಿಗುವ ಸಾಧ್ಯತೆ ಹೆಚ್ಚು. ಮೂಳೆ ಮುರಿತ, ತಿಳಿಯದ ಜ್ವರ, ಶಸ್ತ್ರಚಿಕಿತ್ಸೆ ಎಂದಾದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದ ಪಶುವೈದ್ಯಕೀಯ ಕಾಲೇಜುಗಳು ಹತ್ತಿರವಿರುವವರಿಗೆ ಅವು ದೊಡ್ಡ ಆಸರೆ.

ವೈದ್ಯರು ನೋಡುವ ಮೊದಲು ನೀವೇ ನೋಡಬಹುದಾದ ಕೆಲವು ಸಂಗತಿಗಳಿವೆ. ತುಟಿಯನ್ನು ಮೆಲ್ಲಗೆ ಎತ್ತಿ ವಸಡನ್ನು ನೋಡಿ: ಗುಲಾಬಿ ಬಣ್ಣವಿದ್ದರೆ ಸರಿ, ಸುಣ್ಣದಂತೆ ಬಿಳಿಚಿದ್ದರೆ ರಕ್ತಹೀನತೆ, ಹಳದಿಯಾಗಿದ್ದರೆ ಕಾಮಾಲೆ. ಹೆಗಲ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟಾಗ ಕೂಡಲೇ ಜಾರದೆ ಮಡಿಕೆಯಾಗಿಯೇ ನಿಂತರೆ ಮೈಯಲ್ಲಿ ನೀರಿಲ್ಲವೆಂದು ಅರ್ಥ. ಗುದದ್ವಾರದಲ್ಲಿ ಅಳತೆ ಮಾಡಿದ ಉಷ್ಣತೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಒಳಗಿರಬೇಕು. ಮೈ ತಣ್ಣಗಾದ ಮರಿಯ ಬಾಯಿಗೆ ಏನನ್ನೂ ಹಾಕಬೇಡಿ. ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿ ಮಲಗಿಸಿ ಮೈ ಬಿಸಿಯಾದ ಮೇಲಷ್ಟೇ ಕುಡಿಸಿ, ಏಕೆಂದರೆ ತಣ್ಣಗಾದ ಮೈಯಲ್ಲಿ ಹೊಟ್ಟೆ ಕರುಳುಗಳೂ ಕೆಲಸ ನಿಲ್ಲಿಸಿರುತ್ತವೆ.

ಪರೀಕ್ಷೆಗಳಲ್ಲಿ ಜನ ಹೆಚ್ಚು ಗೊಂದಲಕ್ಕೆ ಬೀಳುವುದು ಎಫ್‌ಐವಿ ಮತ್ತು ಫೆಲ್ವ್ ಎಂಬ ಎರಡು ವೈರಸ್‌ಗಳ ವಿಷಯದಲ್ಲಿ. ಎರಡನ್ನೂ ಒಂದೇ ಕಿಟ್‌ನಲ್ಲಿ, ಕೆಲವು ಹನಿ ರಕ್ತದಲ್ಲಿ ಪರೀಕ್ಷಿಸುತ್ತಾರೆ. ಆದರೆ ಎರಡೂ ಒಂದೇ ಬಗೆಯವಲ್ಲ. ಎಫ್‌ಐವಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವೈರಸ್, ಹೆಚ್ಚಾಗಿ ಹರಡುವುದು ಜಗಳದಲ್ಲಿ ಆಳವಾಗಿ ಕಚ್ಚಿದ ಗಾಯದಿಂದ. ಅದಿರುವ ಬೆಕ್ಕು, ಶಾಂತ ಸ್ವಭಾವದ್ದಾದರೆ, ಮನೆಯೊಳಗೆ ಅನೇಕ ವರ್ಷ ಸುಖವಾಗಿ ಬಾಳಬಲ್ಲದು. ಫೆಲ್ವ್ ಬೆಕ್ಕುಗಳ ರಕ್ತದ ಕ್ಯಾನ್ಸರಿಗೆ ಮತ್ತು ತೀವ್ರ ರಕ್ತಹೀನತೆಗೆ ಕಾರಣವಾಗುವ ವೈರಸ್. ಎಂಜಲಿನಿಂದ, ಒಂದು ಇನ್ನೊಂದನ್ನು ನೆಕ್ಕುವುದರಿಂದ, ಒಂದೇ ತಟ್ಟೆಯಿಂದ, ತಾಯಿಯಿಂದ ಮರಿಗೆ ಹರಡುತ್ತದೆ. ಆದ್ದರಿಂದ ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಫೆಲ್ವ್ ಪರೀಕ್ಷೆಯನ್ನು ಪರಿಚಯಕ್ಕೆ ಮೊದಲು ಮಾಡಿಸಲೇಬೇಕು. ಒಂದೇ ಬೆಕ್ಕಿನ ಮನೆಯಾದರೆ, ಬೆಕ್ಕು ಗೆಲುವಾಗಿದ್ದರೆ, ಒಂದು ತಿಂಗಳು ತಡವಾದರೂ ನಡೆಯುತ್ತದೆ. ಸೋಂಕು ತೀರ ಹೊಸದಾಗಿದ್ದರೆ ಮೊದಲ ಪರೀಕ್ಷೆಯಲ್ಲಿ ಅದು ತಪ್ಪಿಹೋಗಬಹುದಾದ ಕಾರಣ ಫೆಲ್ವ್‌ಗೆ ಸುಮಾರು 30 ದಿನ, ಎಫ್‌ಐವಿಗೆ ಸುಮಾರು 60 ದಿನ ಕಳೆದ ಮೇಲೆ ಮತ್ತೊಮ್ಮೆ ನೋಡುವುದು ಸರಿಯಾದ ಕ್ರಮ. ಆರು ತಿಂಗಳೊಳಗಿನ ಮರಿಯಲ್ಲಿ ಎಫ್‌ಐವಿ ಇದೆ ಎಂದು ಬಂದರೆ ಅದು ತಾಯಿಯಿಂದ ಬಂದ ಪ್ರತಿಕಾಯಗಳ ನೆರಳೂ ಆಗಿರಬಹುದು. ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸದೆ ಆ ಮರಿಯ ಹಣೆಬರಹವನ್ನು ಯಾರೂ ನಿರ್ಧರಿಸಬಾರದು. ಈ ಎರಡು ವೈರಸ್‌ಗಳೂ ಮನುಷ್ಯರಿಗೆ ಹರಡುವುದಿಲ್ಲ.

ಲಸಿಕೆ: ಈಗಲೇ ಅಥವಾ ಕಾದು

ಬೆಕ್ಕಿಗೆ ಮುಖ್ಯವಾಗಿ ಎರಡು ಲಸಿಕೆಗಳು. ಒಂದು, ಪ್ಯಾನ್‌ಲ್ಯುಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ ಎಂಬ ಮೂರು ವೈರಸ್‌ಗಳ ವಿರುದ್ಧದ ತ್ರಿರೋಗ ಲಸಿಕೆ. ಕ್ಲಿನಿಕ್ಕುಗಳಲ್ಲಿ ಇದನ್ನು ಟ್ರೈಕ್ಯಾಟ್ ಎಂದೇ ಕೇಳುವುದು ರೂಢಿ. ಮರಿಗಳಿಗೆ 6ರಿಂದ 8 ವಾರದಲ್ಲಿ ಆರಂಭಿಸಿ, 3ರಿಂದ 4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕಿಸಬೇಕು, ಏಕೆಂದರೆ ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಇರುವಷ್ಟು ದಿನ ಲಸಿಕೆ ಪೂರ್ತಿ ನಾಟುವುದಿಲ್ಲ. ದೊಡ್ಡ ಬೆಕ್ಕಿಗೆ 3ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್. ಇನ್ನೊಂದು ರೇಬೀಸ್ ಲಸಿಕೆ. ಅದು ಮೂರು ತಿಂಗಳು ತುಂಬಿದ ಮೇಲೆ.

ಹದಿನಾಲ್ಕು ದಿನ ಮುಗಿಯಲಿ, ಆಮೇಲೆ ಹಾಕಿಸೋಣ ಎಂಬುದು ಒಂದು ವಾದ. ಬೆಕ್ಕು ಚುರುಕಾಗಿದ್ದು, ಜ್ವರ, ವಾಂತಿ, ಭೇದಿ ಇಲ್ಲದಿದ್ದರೆ ಮೊದಲ ಭೇಟಿಯಲ್ಲೇ ತ್ರಿರೋಗ ಲಸಿಕೆ ಹಾಕಿಸುವುದು ಇನ್ನೊಂದು ವಾದ. ನಾನು ಎರಡನೆಯದರ ಪರ. ಕಾಯುವ ಎರಡು ವಾರಗಳೇ ಮರಿಗೆ ಅತ್ಯಂತ ಅಪಾಯದ ವಾರಗಳು. ಜಂತುಹುಳು ಮದ್ದು ಕೊಟ್ಟು ಒಂದು ವಾರ ಬಿಟ್ಟು ಲಸಿಕೆ ಹಾಕುವ ಪದ್ಧತಿ ನಮ್ಮಲ್ಲಿ ಹಲವು ಕಡೆ ಇದೆ. ವೈದ್ಯರು ಹಾಗೆ ಹೇಳಿದರೆ ಕೇಳಿ, ಆದರೆ ಆ ಒಂದು ವಾರ ಒಂದು ತಿಂಗಳಾಗದಂತೆ ನೋಡಿಕೊಳ್ಳಿ. ಮೈಯಲ್ಲಿ ಹುಷಾರಿಲ್ಲದ ಬೆಕ್ಕಿಗೆ ಕಾಯಲೇಬೇಕು. ಹೊಟ್ಟೆಯಲ್ಲಿ ಮರಿಗಳಿರುವ ಬೆಕ್ಕಿಗೆ ಜೀವಂತ ವೈರಸ್ಸಿನ ಲಸಿಕೆ ಹಾಕಿದರೆ ಮರಿಗಳ ಮೆದುಳಿನ ಬೆಳವಣಿಗೆಗೆ ಧಕ್ಕೆಯಾಗಬಹುದು, ಆದ್ದರಿಂದ ಅನುಮಾನವಿದ್ದರೂ ವೈದ್ಯರಿಗೆ ಮೊದಲೇ ಹೇಳಿ.

ಇದೆಲ್ಲಕ್ಕಿಂತ ಮುಂಚೆ ಮನೆಯಲ್ಲಿರುವ ಹಳೆಯ ಬೆಕ್ಕಿನ ಲಸಿಕೆಯ ಪುಸ್ತಕವನ್ನು ತೆಗೆದು ನೋಡಿ. ಹೊಸಬನಿಗೆ ಒಂದು ದಿನ ತಡವಾದರೂ ಪರವಾಗಿಲ್ಲ, ಹಳಬನಿಗೆ ತಡವಾಗಬಾರದು. ಕೈಯಲ್ಲಿ ಹಣ ಕಡಿಮೆಯಿದ್ದು ಒಂದನ್ನೇ ಆರಿಸಬೇಕಾಗಿ ಬಂದರೆ ನನ್ನ ಕ್ರಮ ಹೀಗೆ: ಇಬ್ಬರಿಗೂ ತ್ರಿರೋಗ ಲಸಿಕೆ, ಜಂತುಹುಳು ಮತ್ತು ಚಿಗಟದ ಮದ್ದು, ರೇಬೀಸ್ ಲಸಿಕೆ, ಆಮೇಲೆ ಕಿಟ್ ಪರೀಕ್ಷೆ. ಪರೀಕ್ಷೆ ತಡವಾದಷ್ಟು ದಿನವೂ ಬಾಗಿಲು ಮುಚ್ಚಿಯೇ ಇರಬೇಕು.

ಚಿಗಟ ಮತ್ತು ಜಂತುಹುಳು

ಬೀದಿಯ ಬೆಕ್ಕಿನ ಮೈಯಲ್ಲಿ ಚಿಗಟ ಇಲ್ಲದಿರುವುದು ಅಪರೂಪ. ಹಣಿಗೆಯಿಂದ ಬಾಚಿದಾಗ ಉದುರುವ ಕರಿಯ ಪುಡಿಯನ್ನು ಒದ್ದೆ ಮಾಡಿದ ಬಿಳಿಯ ಬಟ್ಟೆಯ ಮೇಲೆ ಹಾಕಿ ಒತ್ತಿ ನೋಡಿ. ಅದು ಮಣ್ಣಾಗಿದ್ದರೆ ಕಂದು ಕಲೆಯಾಗುತ್ತದೆ. ಚಿಗಟದ ಹಿಕ್ಕೆಯಾಗಿದ್ದರೆ ಇಟ್ಟಿಗೆಗೆಂಪು ಬಣ್ಣ ಮೆಲ್ಲಗೆ ಹರಡುತ್ತದೆ, ಏಕೆಂದರೆ ಅದು ಬೆಕ್ಕಿನದೇ ಜೀರ್ಣವಾದ ರಕ್ತ. ಒಂದು ತಿಂಗಳ ಮರಿಯ ಮೈಯಲ್ಲಿ ನೂರಾರು ಚಿಗಟಗಳಿದ್ದರೆ ಅವೇ ಅದರ ಜೀವ ತೆಗೆಯುವಷ್ಟು ರಕ್ತ ಹೀರಬಲ್ಲವು.

ಮದ್ದುಗಳಲ್ಲಿ ಯಾವುದು? ಎಂಟು ವಾರ ದಾಟಿದ ಬೆಕ್ಕಿಗೆ ಹೆಗಲ ನಡುವೆ ಚರ್ಮದ ಮೇಲೆ ಬಿಡುವ ಫಿಪ್ರೊನಿಲ್ ಹನಿ ಚಿಗಟಕ್ಕೂ ಉಣ್ಣೆಗೂ ಆಗುತ್ತದೆ, ಎಲ್ಲೆಡೆ ಸಿಗುತ್ತದೆ; ಬೆಕ್ಕಿನದೆಂದೇ ಪೊಟ್ಟಣದ ಮೇಲೆ ಬರೆದಿರಬೇಕು. ಸೆಲಮೆಕ್ಟಿನ್ ಹನಿಯಾದರೆ ಚಿಗಟದ ಜೊತೆಗೆ ಕಿವಿಯ ನುಸಿ ಮತ್ತು ದುಂಡುಹುಳುವಿನ ಮೇಲೂ ಕೆಲಸ ಮಾಡುತ್ತದೆ. ಕಿವಿಯಲ್ಲಿ ಕಾಫಿಪುಡಿಯಂಥ ಕಪ್ಪು ಕೊಳೆ ತುಂಬಿಕೊಂಡು ತಲೆ ಕೊಡವುವ ಬೆಕ್ಕಿಗೆ ಇದೇ ಮೇಲು. ತೀರ ಎಳೆಯ ಮರಿಗೆ ಮದ್ದಿಗಿಂತ ಹಣಿಗೆ ಉತ್ತಮ: ಉಗುರುಬೆಚ್ಚಗಿನ ನೀರು, ಎಳೆಮಕ್ಕಳ ಸೋಪು, ಕುತ್ತಿಗೆಯ ಸುತ್ತ ಮೊದಲು ನೊರೆ ಕಟ್ಟಿ ಚಿಗಟಗಳು ಮುಖದ ಕಡೆ ಓಡದಂತೆ ತಡೆದು, ಬಾಚಿ ತೆಗೆದು, ಕೂಡಲೇ ಒರೆಸಿ ಒಣಗಿಸುವುದು. ಹುಷಾರಿಲ್ಲದ ಮರಿಗೆ ಅದೂ ಬೇಡ.

ನಾಯಿಗಳಿಗೆಂದು ಮಾರುವ ಪರ್ಮೆಥ್ರಿನ್ ಇರುವ ಹನಿ, ಪೌಡರ್, ಶಾಂಪೂ ಯಾವುದನ್ನೂ ಬೆಕ್ಕಿನ ಹತ್ತಿರ ತರಬೇಡಿ. ಬೆಕ್ಕು ನಡುಗಿ, ಸೆಟೆದು, ಸಾಯಬಹುದು. ನಾಯಿಗಳ ಉಣ್ಣೆಗೆ ಬಳಸುವ ಅಮಿಟ್ರಾಜ್ ದ್ರಾವಣವೂ ಬೇಡ. ಬೇವಿನ ಎಣ್ಣೆ ಗಿಡಮೂಲದ್ದು, ಏನೂ ಮಾಡುವುದಿಲ್ಲ ಎಂದು ಹಚ್ಚುವವರಿದ್ದಾರೆ. ಬೆಕ್ಕು ತನ್ನ ಮೈಯನ್ನು ದಿನವಿಡೀ ನೆಕ್ಕಿಕೊಳ್ಳುವ ಪ್ರಾಣಿ, ಮೈಗೆ ಹಚ್ಚಿದ್ದೆಲ್ಲವೂ ಹೊಟ್ಟೆಗೆ ಹೋಗುತ್ತದೆ. ಕರ್ಪೂರಕ್ಕೂ ಇದೇ ಮಾತು.

ಜಂತುಹುಳುವಿನಲ್ಲಿ ಎರಡು ಬಗೆಯನ್ನು ಗುರುತಿಸಿಕೊಂಡರೆ ಮದ್ದಿನ ಆಯ್ಕೆ ಸುಲಭ. ಶಾವಿಗೆಯಂತೆ ಉದ್ದಕ್ಕೆ ಬೀಳುವುದು ದುಂಡುಹುಳು. ಅದು ತಾಯಿಯ ಹಾಲಿನಿಂದಲೇ ಮರಿಗೆ ಬಂದಿರುತ್ತದೆ, ಪೈರಾಂಟೆಲ್ ಅಥವಾ ಫೆನ್‌ಬೆಂಡಜೋಲ್‌ಗೆ ಜಗ್ಗುತ್ತದೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂತೆ ಅಂಟಿಕೊಂಡು ಒಣಗುವುದು ಲಾಡಿಹುಳುವಿನ ತುಣುಕು. ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು, ಪೈರಾಂಟೆಲ್ ಒಂದರಿಂದ ಹೋಗುವುದಿಲ್ಲ. ಈ ಲಾಡಿಹುಳು ಬರುವುದು ಬೆಕ್ಕು ನುಂಗಿದ ಚಿಗಟದಿಂದ, ಹಾಗಾಗಿ ಚಿಗಟವನ್ನು ಬಿಟ್ಟು ಹುಳುವಿಗೆ ಮಾತ್ರ ಮದ್ದು ಕೊಟ್ಟರೆ ಮುಂದಿನ ತಿಂಗಳು ಅಕ್ಕಿಕಾಳು ಮತ್ತೆ ಕಾಣಿಸುತ್ತದೆ. ಮರಿಗಳಿಗೆ ಎರಡು ಮೂರು ವಾರದ ವಯಸ್ಸಿನಿಂದಲೇ, ಎರಡು ವಾರಕ್ಕೊಮ್ಮೆ, ತೂಕ ನೋಡಿ ಕೊಡಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಬಟ್ಟಲಿಟ್ಟು ಮರಿಯನ್ನು ತೂಗಿ ಬರೆದಿಡಿ; ಒಂದು ತಿಂಗಳ ಮರಿ ಸುಮಾರು 450 ಗ್ರಾಂ, ಎರಡು ತಿಂಗಳದ್ದು ಸುಮಾರು 900 ಗ್ರಾಂ ಇರಬೇಕು.

ಹುಳುಕಡ್ಡಿ ಮತ್ತು ಕಣ್ಣು ಮೂಗಿನ ಸೋಂಕು

ಕಿವಿ, ಮೂಗು, ಮುಂಗಾಲಿನಲ್ಲಿ ಕೂದಲುದುರಿ ಬೂದಿ ಬಣ್ಣದ ಹೊಟ್ಟು ಕಾಣಿಸಿದರೆ ಹುಳುಕಡ್ಡಿ ಇರಬಹುದು. ಹೆಸರಿನಲ್ಲಿ ಹುಳುವಿದ್ದರೂ ಇದು ಶಿಲೀಂಧ್ರ. ಮನುಷ್ಯರಿಗೂ, ಅದರಲ್ಲೂ ಮಕ್ಕಳಿಗೆ, ಸುಲಭವಾಗಿ ಹತ್ತುತ್ತದೆ. ವೈದ್ಯರು ಬಳಸುವ ವುಡ್ಸ್ ದೀಪ ಎಂಬ ನೇರಳಾತೀತ ದೀಪದ ಬೆಳಕಿನಲ್ಲಿ ಕೂದಲಿನ ಬುಡ ಹಸಿರಾಗಿ ಹೊಳೆದರೆ ರೋಗವಿದೆ ಎನ್ನಬಹುದು, ಹೊಳೆಯದಿದ್ದರೆ ಇಲ್ಲ ಎನ್ನಲಾಗದು. ಮುಲಾಮು ಮಾತ್ರ ಸಾಕೇ, ಗುಳಿಗೆಯೂ ಬೇಕೇ ಎಂಬುದು ಮುಖ್ಯ ಪ್ರಶ್ನೆ. ಕಣ್ಣಿಗೆ ಕಾಣುವ ಮಚ್ಚೆಗೆ ಮುಲಾಮು ಹಚ್ಚಿದರೆ ಕಾಣದ ಕೂದಲುಗಳಲ್ಲಿ ಬೀಜಕಣ ಉಳಿಯುತ್ತದೆ; ಮೈಕೊನಜೋಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಸ್ನಾನದ ಜೊತೆಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಇಟ್ರಾಕೊನಜೋಲ್ ಕೊಡುವುದೇ ಬೇಗ ಮುಗಿಯುವ ದಾರಿ, ಅದಕ್ಕೂ ಹಲವು ವಾರ ಬೇಕು. ಔಷಧದ ಅಂಗಡಿಯಲ್ಲಿ ಮನುಷ್ಯರಿಗೆಂದು ಸಿಗುವ ಸ್ಟೀರಾಯ್ಡ್ ಬೆರೆತ ಕ್ರೀಮುಗಳು ಕೆಂಪನ್ನು ಇಳಿಸಿ ರೋಗವನ್ನು ಬೆಳೆಸುತ್ತವೆ. ಬೆಕ್ಕಿಗೂ ಬೇಡ, ನಿಮ್ಮ ಕೈ ಮೇಲಿನ ಮಚ್ಚೆಗೂ ಬೇಡ.

ಕಣ್ಣಿನಲ್ಲಿ ಪಿಸುರು, ಮೂಗಿನಲ್ಲಿ ಸಿಂಬಳ, ಸೀನು ಮರಿಗಳಲ್ಲಿ ಬಹಳ ಸಾಮಾನ್ಯ. ಹರ್ಪಿಸ್ ಅಥವಾ ಕ್ಯಾಲಿಸಿ ವೈರಸ್ ಇರುತ್ತದೆ, ಮೇಲೆ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ಊಟ ಮಾಡುತ್ತಿರುವ ಬೆಕ್ಕಿಗೆ ಕಾಯಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಕಣ್ಣೊರೆಸುವುದು, ಮೂಗಿಗೆ ವಾಸನೆ ಹತ್ತುವಂತೆ ಊಟವನ್ನು ಬೆಚ್ಚಗೆ ಮಾಡಿ ಕೊಡುವುದು ಸಾಕಾಗಬಹುದು. ಊಟ ಬಿಟ್ಟರೆ, ಕಣ್ಣಿನ ಕರಿಗುಡ್ಡೆ ಮಬ್ಬಾದರೆ, ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಅವರು ಡಾಕ್ಸಿಸೈಕ್ಲಿನ್ ಗುಳಿಗೆ ಬರೆದುಕೊಟ್ಟರೆ, ನುಂಗಿಸಿದ ಕೂಡಲೇ ಸಿರಿಂಜಿನಿಂದ 5 ಮಿಲಿಲೀಟರ್‌ನಷ್ಟು ನೀರು ಕುಡಿಸಿ, ಏಕೆಂದರೆ ಒಣ ಗುಳಿಗೆ ಅನ್ನನಾಳದಲ್ಲೇ ಅಂಟಿಕೊಂಡು ಅದನ್ನು ಸುಡುತ್ತದೆ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ನಾವು ದಿನವೂ ನುಂಗುವ ಆ ಗುಳಿಗೆ ಒಂದೇ ಒಂದು ಸಾಕು ಬೆಕ್ಕನ್ನು ಕೊಲ್ಲಲು.

ಊಟ

ಹಸುವಿನ ಹಾಲು ಬೇಡ. ಅದರ ಸಕ್ಕರೆ ಅರಗದೆ ಮರಿಗಳಿಗೆ ಭೇದಿಯಾಗುತ್ತದೆ, ಮೊದಲೇ ಬಳಲಿದ ಮರಿಗೆ ಒಂದು ದಿನದ ಭೇದಿಯೂ ದೊಡ್ಡದು. ನಾಲ್ಕು ವಾರದೊಳಗಿನ ಮರಿಗೆ ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ, ಹೊಟ್ಟೆಯಡಿಯಾಗಿ ಮಲಗಿಸಿ ಕುಡಿಸಬೇಕು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಕೆಳಹೊಟ್ಟೆಯನ್ನು ಒರೆಸಿ ಮೂತ್ರ ಮಾಡಿಸಬೇಕು. ಹಾಲನ್ನ, ಮೊಸರನ್ನದಲ್ಲಿಯೇ ಬೆಕ್ಕು ಸಾಕಿದ ಮನೆಗಳು ನಮ್ಮಲ್ಲಿ ಬಹಳ; ಆ ಬೆಕ್ಕುಗಳು ಹಿತ್ತಿಲಿನಲ್ಲಿ ಇಲಿ, ಹಲ್ಲಿ ಹಿಡಿದು ಕೊರತೆ ತುಂಬಿಕೊಳ್ಳುತ್ತಿದ್ದವು. ಬಾಗಿಲು ಮುಚ್ಚಿದ ಮನೆಯ ಬೆಕ್ಕಿಗೆ ಆ ಅವಕಾಶವಿಲ್ಲ, ಮತ್ತು ಮಾಂಸದಿಂದ ಮಾತ್ರ ಸಿಗುವ ಟಾರೀನ್ ಇಲ್ಲದೆ ಅದರ ಹೃದಯವೂ ಕಣ್ಣೂ ಕೆಡುತ್ತವೆ. ಮಾಂಸ ಬೇಯಿಸದ ಮನೆಯವರು ಸಿದ್ಧ ಆಹಾರವನ್ನು ಆರಿಸಿಕೊಳ್ಳಲಿ. ಬೇಯಿಸುವವರು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಕೋಳಿಯನ್ನು ಮೊದಲ ಕೆಲವು ದಿನ ಕೊಟ್ಟು ನಿಧಾನವಾಗಿ ಸಿದ್ಧ ಆಹಾರಕ್ಕೆ ತಿರುಗಲಿ.

ಮನೆಯ ಜನರ ಆರೋಗ್ಯ

ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ, ಮರಿಯೇ ಆಗಿರಲಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಲಕ್ಷಣ ಕಾಣಿಸಿದ ಮೇಲೆ ಮದ್ದಿಲ್ಲ, ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಬೆಕ್ಕನ್ನು ಹತ್ತು ದಿನ ನೋಡಿ ಆಮೇಲೆ ಲಸಿಕೆ ಹಾಕಿಸೋಣ ಎಂದು ಕಾಯುವುದು ತಪ್ಪು. ಲಸಿಕೆಯನ್ನು ಆರಂಭಿಸಿ, ಬೆಕ್ಕು ಹತ್ತು ದಿನವೂ ಚೆನ್ನಾಗಿದ್ದರೆ ಮುಂದಿನ ಡೋಸ್‌ಗಳ ವಿಷಯವನ್ನು ವೈದ್ಯರು ತೀರ್ಮಾನಿಸಲಿ.

ಮನೆಯಲ್ಲಿ ಬಸುರಿ ಹೆಣ್ಣುಮಗಳಿದ್ದರೆ ಬೆಕ್ಕನ್ನು ಹೊರಗೆ ಹಾಕಿ ಎಂದು ಹಿರಿಯರು ಹೇಳುವುದನ್ನು ಹಲವು ಮನೆಗಳಲ್ಲಿ ಕೇಳಿದ್ದೇನೆ. ಅವರ ಭಯ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿಯ ವಿಷಯದಲ್ಲಿ ನಿಜ, ಆದರೆ ಉಪಾಯ ಬೇರೆಯಿದೆ. ಬೆಕ್ಕಿನ ಮಲದಲ್ಲಿ ಬರುವ ಅದರ ಕೋಶಗಳು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಟ್ರೇಯನ್ನು ದಿನವೂ ಬೇರೆಯವರು ತೆಗೆದರೆ, ಬೆಕ್ಕಿಗೆ ಹಸಿ ಮಾಂಸ ಕೊಡದಿದ್ದರೆ, ಬಸುರಿಯು ಟ್ರೇಯನ್ನೂ ತೋಟದ ಮಣ್ಣನ್ನೂ ಬರಿಗೈಯಲ್ಲಿ ಮುಟ್ಟದಿದ್ದರೆ, ತರಕಾರಿ ಚೆನ್ನಾಗಿ ತೊಳೆದು ಮಾಂಸ ಚೆನ್ನಾಗಿ ಬೇಯಿಸಿ ಉಂಡರೆ, ಬೆಕ್ಕೂ ಮನೆಯಲ್ಲಿರಬಹುದು. ಸಂದೇಹವಿದ್ದರೆ ಹೆರಿಗೆ ವೈದ್ಯರನ್ನು ಕೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೂ, ಅಂಗ ಕಸಿ ಆದವರಿಗೂ ಇದೇ ಎಚ್ಚರ ಬೇಕು, ಜೊತೆಗೆ ಚಿಗಟವನ್ನು ಸಂಪೂರ್ಣ ತೊಲಗಿಸಬೇಕು, ಏಕೆಂದರೆ ಪರಚುಗಾಯದ ಜ್ವರಕ್ಕೆ ಕಾರಣವಾಗುವ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾ ಚಿಗಟದ ಹಿಕ್ಕೆಯಿಂದಲೇ ಬೆಕ್ಕಿನ ಉಗುರಿಗೆ ಬರುವುದು.

ಹದಿನಾಲ್ಕು ದಿನಗಳ ಮೇಲೆ

ಊಟ, ಮಲ, ಚರ್ಮ ಮೂರೂ ಸರಿಯಿದ್ದು ಫೆಲ್ವ್ ಇಲ್ಲವೆಂದು ಗೊತ್ತಾದ ಮೇಲೆ ಪರಿಚಯ. ಬಾಗಿಲನ್ನು ಥಟ್ಟನೆ ತೆರೆಯುವುದಕ್ಕಿಂತ ವಾಸನೆಯಿಂದ ಆರಂಭಿಸುವುದು ಲೇಸು: ಹೊಸಬನ ಸೀರೆಯ ಮಡಿಕೆಯನ್ನು ಹಳಬನ ಊಟದ ಹತ್ತಿರ, ಹಳಬನದನ್ನು ಹೊಸಬನ ಹತ್ತಿರ ಇಟ್ಟು, ಮುಚ್ಚಿದ ಬಾಗಿಲಿನ ಎರಡು ಕಡೆಯಲ್ಲಿ ಇಬ್ಬರಿಗೂ ಒಂದೇ ಹೊತ್ತಿಗೆ ಊಟ ಹಾಕಿ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ನಾಲ್ಕು ಐದು ತಿಂಗಳಿಗೇ ದಿನ ಗೊತ್ತುಮಾಡಿ. ನಾಲ್ಕು ತಿಂಗಳಿಗೇ ಬೆದೆಗೆ ಬರುವ ಹೆಣ್ಣುಮರಿಗಳಿವೆ, ಬಸುರಾದರೆ ಸುಮಾರು 63ರಿಂದ 65 ದಿನಗಳಲ್ಲಿ ಮನೆ ತುಂಬ ಮರಿಗಳು.

ನಮ್ಮ ಮನೆಯಲ್ಲಿ ಈಗಿರುವ ಜೀರಿಗೆ ಬಂದದ್ದು ಕಾರಿನ ಬಾನೆಟ್ಟಿನೊಳಗಿಂದ. ಅವಳು ಸ್ನಾನದ ಮನೆಯಲ್ಲಿ ಇದ್ದದ್ದು ಹದಿನಾಲ್ಕು ದಿನವಲ್ಲ, ನಲವತ್ತೊಂದು ದಿನ. ಕಿವಿಯ ಮೇಲೆ ಹುಳುಕಡ್ಡಿ ಹತ್ತನೆಯ ದಿನ ಕಾಣಿಸಿತ್ತು. ನಲವತ್ತೆರಡನೆಯ ಬೆಳಗ್ಗೆ ಬಾಗಿಲ ಸಂದಿಯ ಟವೆಲನ್ನು ತೆಗೆದಾಗ ಹೊರಗಿನಿಂದ ಒಂದು ಪಾದ ಒಳಗೆ ಹೋಯಿತು, ಒಳಗಿನಿಂದ ಒಂದು ಸಣ್ಣ ಪಾದ ಅದನ್ನು ಮುಟ್ಟಿತು.